ಬಸುರಿ ಹೆಣ್ಣುಮಗಳಿಗೆ ಥಂಡಾ ಬಾಟ್ಲಿ



ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಕುಬಸದ ಮನೆಗಳಲ್ಲಿ ಈಗ ಎಲೆ-ಅಡಿಕೆಯ ತಾಟಿನ ಮಗ್ಗಲಿಗೇ ಬಣ್ಣದ ಥಂಡಾ ಬಾಟ್ಲಿಗಳೂ ಬಂದು ಕೂಡುತ್ತವೆ. “ಬಿಸಲಾಗ ಬಂದಾಳ, ಕುಡೀಲಿ ಬಿಡ್ರಿ” ಎಂದು ಒಬ್ಬರು. “ಬ್ಯಾಡ, ಕೂಸಿಗೆ ಥಂಡಿ ಹತ್ತತೈತಿ” ಎಂದು ಇನ್ನೊಬ್ಬರು. ಥಂಡಿಯ ಮಾತನ್ನು ಮೊದಲು ಬಿಟ್ಟುಬಿಡಿರಿ. ಕುಡಿದದ್ದು ಹೊಟ್ಟೆಗಿಳಿದು ಬೆಚ್ಚಗಾಗುತ್ತದೆ. ಆ ತಂಪು ಕೂಸಿನ ತನಕ ಹೋಗುವುದಿಲ್ಲ. ವಿಚಾರ ಮಾಡತಕ್ಕದ್ದು ಅದರೊಳಗಿನ ಸಕ್ಕರೆ ಮತ್ತು ಕೆಫೀನಿನ ಬಗ್ಗೆ.

300 ಮಿಲಿಲೀಟರಿನ ಒಂದು ಬಾಟ್ಲಿಯಲ್ಲಿ ಸಾಮಾನ್ಯವಾಗಿ 30 ಗ್ರಾಮಿನಷ್ಟು, ಅಂದರೆ ಆರೇಳು ಚಮಚ ಸಕ್ಕರೆ ಇರುತ್ತದೆ. ಚಹಾಕ್ಕೆ ಅಷ್ಟು ಹಾಕಿಕೊಟ್ಟರೆ ನೀವು ಬಾಯಿಗೆ ಇಡಲಿಕ್ಕಿಲ್ಲ. ತಂಪು ಮತ್ತು ಹುಳಿಯ ಕೂಡ ಬಂದಾಗ ನಾಲಿಗೆಗೆ ಅದು ಗೊತ್ತಾಗುವುದಿಲ್ಲ, ಅಷ್ಟೇ. “ನಮ್ಮ ಹೊಲದ ಕಬ್ಬಿನ ಸಕ್ಕರಿನ ಅಲ್ಲೇನ್ರಿ?” ಎಂದು ಕೇಳಬಹುದು. ಹೌದು, ಆದರೆ ಯಾರ ಹೊಲದ್ದಾದರೂ ಸಕ್ಕರೆ ಸಕ್ಕರೆಯೇ. ಕಬ್ಬಿನ ಹಾಲಿಗೂ ಇದೇ ಲೆಕ್ಕ. ಮೇಲಾಗಿ ಅದಕ್ಕೆ ಹಾಕುವ ಬರ್ಫ ಎಂಥ ನೀರಿನದೋ!

ಬಸುರಿನಲ್ಲಿ ಮೈಗೆ ಸಕ್ಕರೆಯನ್ನು ಅರಗಿಸಿಕೊಳ್ಳುವ ಶಕ್ತಿ ಸಹಜವಾಗಿಯೇ ಕಡಿಮೆಯಾಗುತ್ತದೆ. ಕೆಲವರಿಗೆ ಆಗ ಸಕ್ಕರೆ ಬ್ಯಾನಿ ಕಾಣಿಸಿಕೊಳ್ಳುತ್ತದೆ. ಅದು ಹತೋಟಿಯಲ್ಲಿ ಇರದಿದ್ದರೆ ಕೂಸು ಅತಿಯಾಗಿ ಬೆಳೆದು ಹೆರಿಗೆ ಕಷ್ಟವಾಗಬಹುದು. ಹೆರಿಗೆಯ ನಂತರವೂ ತಾಯಿಗೆ ಮುಂದೆ ಆ ಬ್ಯಾನಿ ಬರುವ ಭಯ ಉಳಿಯುತ್ತದೆ. ಇದಕ್ಕಾಗಿಯೇ ಸರಕಾರಿ ದವಾಖಾನೆಯಲ್ಲಿ ಮೊದಲ ಭೇಟಿಗೆ ಒಮ್ಮೆ, 24ರಿಂದ 28ನೆಯ ವಾರದೊಳಗೆ ಮತ್ತೊಮ್ಮೆ 75 ಗ್ರಾಂ ಗ್ಲೂಕೋಸು ಕುಡಿಸಿ ಎರಡು ತಾಸಿನ ಮೇಲೆ ರಕ್ತ ತಪಾಸಣೆ ಮಾಡಬೇಕೆಂದಿದೆ. ಕಬ್ಬು ಕಡಿಯುವ ಗದ್ದಲವಿದೆಯೆಂದು ಈ ತಪಾಸಣೆ ತಪ್ಪಿಸಬೇಡಿರಿ. ಸಕ್ಕರೆ ಹೆಚ್ಚೆಂದು ಕಂಡವರಿಗೆ ಥಂಡಾ ಪೂರ್ತಿ ಬೇಡ.

ಇನ್ನು ಕೆಫೀನು. ಚಹಾದಲ್ಲೂ ಇದೆ, ಕರಿಯ ಕೋಲಾದಲ್ಲೂ ಇದೆ. ದಿನಕ್ಕೆ 200 ಮಿಲಿಗ್ರಾಂ ದಾಟಬಾರದೆಂದು ಅನೇಕ ವೈದ್ಯರ ಸಲಹೆ. ಒಂದು ಕೋಲಾದಿಂದ ಅದು ದಾಟುವುದಿಲ್ಲ. ಆದರೆ ದಿನದ ನಾಲ್ಕೈದು ಕಪ್ ಚಹಾವನ್ನೂ ಕೂಡಿಸಿ ನೋಡಬೇಕು. “ಶಕ್ತಿ ಬರತೈತಿ” ಎಂದು ಮಾರುವ ಎನರ್ಜಿ ಬಾಟ್ಲಿಯದು ಬೇರೆ ಮಾತು. ಬಸುರಿಯರಿಗೆ, ಹಾಲುಣಿಸುವವರಿಗೆ, ಮಕ್ಕಳಿಗೆ ಇದು ತಕ್ಕದ್ದಲ್ಲವೆಂದು ಅದರ ಮೇಲೆಯೇ ಸಣ್ಣ ಅಕ್ಷರದಲ್ಲಿ ಅಚ್ಚು ಹಾಕಿರುತ್ತಾರೆ. ಸಾಲಿಗೆ ಹೋಗುವ ಹುಡುಗರ ಕೈಯಲ್ಲಿ ಓದಿಸಿ ಕೇಳಿರಿ. ಅದನ್ನು ಕೊಡಲೇಬಾರದು.

ಎದೆಯುರಿಗೆ, ಹೊಟ್ಟೆಯುಬ್ಬರಕ್ಕೆ ಸೋಡಾ ಕುಡಿಸುವ ರೂಢಿಯೂ ಇದೆ. ತೇಗು ಬಂದು ಹಗುರೆನಿಸಿದರೂ ಆ ಗ್ಯಾಸಿನಿಂದ ಉರಿ ಹೆಚ್ಚುವುದೇ ಬಹಳ. ಬಾಟ್ಲಿಯಿಂದ ಹೊಟ್ಟೆ ತುಂಬಿಸಿಕೊಂಡವಳು ರೊಟ್ಟಿ-ಪಲ್ಲೆ ಬಿಡುತ್ತಾಳೆ, ಅದೂ ಒಂದು ನಷ್ಟ. ನೀರಡಿಕೆಗೆ ಕಾಯಿಸಿ ಆರಿಸಿದ ನೀರು, ಮಜ್ಜಿಗೆ, ಸಕ್ಕರೆ ಕಡಿಮೆ ಹಾಕಿದ ಲಿಂಬೆ ಶರಬತ್ತು ಇವೆ.

ಜಾತ್ರೆಯಲ್ಲಿ ಒಂದು ಬಾಟ್ಲಿ ಕುಡಿದ ಸೊಸೆಗೆ ಬಯ್ಯಬೇಡಿರಿ. ಅದರಿಂದ ಕೂಸಿಗೆ ಕೇಡಾಗದು. ಆದರೆ ಎಷ್ಟು ಕುಡಿದರೂ ನೀರಡಿಕೆ ಹಿಂಗದೆ, ಮೇಲಿಂದ ಮೇಲೆ ಮೂತ್ರಕ್ಕೆ ಹೋಗುತ್ತಿದ್ದರೆ ಮುಂದಿನ ತಪಾಸಣೆಯ ದಿನದ ತನಕ ಕಾಯದೆ ಆಶಾ ಕಾರ್ಯಕರ್ತೆಗೆ ಹೇಳಿ, ದವಾಖಾನೆಗೆ ಕರೆದೊಯ್ಯಿರಿ.