ಸೈಕಲ್ ಪ್ರವಾಸದಲ್ಲಿ ಕ್ಯಾಮೆರಾ ಜೋಪಾನ

ಸೋಮೇಶ್ವರದಿಂದ ಆಗುಂಬೆಗೆ ಏರುವ ಘಾಟಿಯ 14 ತಿರುವುಗಳನ್ನು ಸೈಕಲ್‌ನಲ್ಲಿ ಹತ್ತುವವರು ದಣಿವಾರಿಸಿಕೊಳ್ಳಲೆಂದು ನಿಂತಲ್ಲೆಲ್ಲ ಚಿತ್ರ ತೆಗೆಯುವ ಆಸೆ ಸಹಜ. ಆದರೆ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗೂ ಅಧಿಕ ಮಳೆ ಬೀಳುವ ಈ ಸೀಮೆಯಲ್ಲಿ ಕ್ಯಾಮೆರಾಗೆ ಶತ್ರುಗಳು ಮೂರು: ಕುಲುಕಾಟ, ನೀರು ಮತ್ತು ತೇವಾಂಶ.

ಎಲ್ಲಿಡಬೇಕು?

ಹಿಂಬದಿಯ ಕ್ಯಾರಿಯರ್ ಕ್ಯಾಮೆರಾಗೆ ತಕ್ಕ ಜಾಗವಲ್ಲ. ಗುಂಡಿಗೆ ಬಿದ್ದ ಚಕ್ರದ ಹೊಡೆತ ಅಲ್ಲಿಗೆ ನೇರವಾಗಿ ತಲುಪುತ್ತದೆ. ದಿನಗಟ್ಟಲೆ ಕುಲುಕಿದರೆ ಲೆನ್ಸ್‌ನೊಳಗಿನ ಸಣ್ಣ ಸ್ಕ್ರೂಗಳು ಸಡಿಲಗೊಳ್ಳುತ್ತವೆ. ಬೆನ್ನಿನ ಚೀಲದಲ್ಲಿಟ್ಟರೆ ದೇಹವೇ ಆಘಾತವನ್ನು ಹೀರಿಕೊಳ್ಳುತ್ತದೆ. ಆದರೆ ಬೆವರು ಚೀಲದೊಳಕ್ಕೆ ಇಳಿಯುತ್ತದೆ. ಆಯತಪ್ಪಿ ಬಿದ್ದರೆ ಗಟ್ಟಿ ವಸ್ತುವಿನಿಂದ ಬೆನ್ನಿಗೇ ಪೆಟ್ಟಾಗಬಹುದು. ಹ್ಯಾಂಡಲ್‌ಗೆ ಕಟ್ಟುವ ಚೀಲದ ತಳಕ್ಕೂ ಬದಿಗಳಿಗೂ ದಪ್ಪ ಸ್ಪಂಜು ಹಾಸಿ, ಕ್ಯಾಮೆರಾ ಅಲುಗಾಡದಂತೆ ಇಡುವುದು ಮಧ್ಯಮ ಮಾರ್ಗ. ನಿಂತ ಕೂಡಲೇ ಅದು ಕೈಗೆ ಸಿಗುತ್ತದೆ. ಆದರೆ ಭಾರ ಹೆಚ್ಚಾದರೆ ಇಳಿಜಾರಿನಲ್ಲಿ ಹ್ಯಾಂಡಲ್ ತಿರುಗಿಸುವುದು ಕಷ್ಟವಾದ್ದರಿಂದ ಒಂದೇ ಲೆನ್ಸ್ ಒಯ್ಯುವುದು ಲೇಸು.

ಮಳೆ ಮತ್ತು ಮಂಜು

ಚೀಲದ ಮೇಲುಹೊದಿಕೆಯೊಂದನ್ನೇ ನಂಬಬಾರದು. ಚಕ್ರ ಎರಚುವ ನೀರು ಕೆಳಗಿನಿಂದಲೂ ಒಳನುಗ್ಗುತ್ತದೆ. ಬಾಯಿ ಸುತ್ತಿ ಮುಚ್ಚುವ ಜಲನಿರೋಧಕ ಚೀಲದಲ್ಲಿ ಕ್ಯಾಮೆರಾವನ್ನಿಟ್ಟು, ಬಳಿಕ ಅದನ್ನು ಹೊರಚೀಲಕ್ಕೆ ಸೇರಿಸಬೇಕು.

ಕರಾವಳಿಯಲ್ಲಿ ಹವಾನಿಯಂತ್ರಿತ ಕೊಠಡಿಯಲ್ಲಿ ರಾತ್ರಿಯಿಡೀ ತಣಿದ ಕ್ಯಾಮೆರಾವನ್ನು ಬೆಳಿಗ್ಗೆ ಸೆಕೆಯ ಗಾಳಿಗೆ ಒಡ್ಡಿದರೆ, ತಣ್ಣನೆಯ ಗಾಜಿನ ಮೇಲೆ ನೀರಾವಿ ಹನಿಗಟ್ಟುತ್ತದೆ. ಬಿಗಿಯಾಗಿ ಮುಚ್ಚಿದ ಚೀಲದಲ್ಲಿಯೇ ಹೊರತಂದು, ಅರ್ಧ ಗಂಟೆಯಿಂದ ಒಂದು ಗಂಟೆ ಬಿಟ್ಟು ತೆರೆದರೆ ಈ ತೊಂದರೆಯಿಲ್ಲ.

ಮನೆಗೆ ಮರಳಿದ ಮೇಲೆ

ನಿಜವಾದ ಹಾನಿ ಸಂಭವಿಸುವುದು ಬಹುಪಾಲು ಪ್ರವಾಸ ಮುಗಿದ ನಂತರವೇ. ಒದ್ದೆ ಚೀಲದಲ್ಲಿ ಮರೆತಿಟ್ಟ ಲೆನ್ಸ್‌ನ ಮೇಲೆ ಜೇಡರ ಬಲೆಯಂತೆ ಶಿಲೀಂಧ್ರ ಹಬ್ಬುತ್ತದೆ. ಅದು ಸ್ರವಿಸುವ ಆಮ್ಲ ಗಾಜಿನ ಲೇಪನವನ್ನು ತಿನ್ನುತ್ತದೆ. ಒಮ್ಮೆ ಗುರುತು ಮೂಡಿದರೆ ಎಷ್ಟು ಶುಚಿಗೊಳಿಸಿದರೂ ಅಳಿಯದು. ಆದ್ದರಿಂದ ಮರಳಿದ ದಿನವೇ ಕ್ಯಾಮೆರಾವನ್ನು ಒಣಬಟ್ಟೆಯಿಂದ ಒರೆಸಿ, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಬೇಕು. ಹರಳುಗಳ ಬಣ್ಣ ಬದಲಾದರೆ ಅವು ತೇವ ಹೀರಿ ತಣಿದಿವೆ ಎಂದರ್ಥ. ಅಡುಗೆಗೆ ಬಳಸದ ಪಾತ್ರೆಯಲ್ಲಿ ಹದವಾಗಿ ಕಾಯಿಸಿದರೆ ಮತ್ತೆ ಉಪಯೋಗಕ್ಕೆ ಬರುತ್ತವೆ.

ಕೊನೆಯದಾಗಿ, ತುಂಬಿದ ಮೆಮೊರಿ ಕಾರ್ಡನ್ನು ಕ್ಯಾಮೆರಾದಿಂದ ಬೇರ್ಪಡಿಸಿ ಅಂಗಿಯ ಒಳಜೇಬಿನಲ್ಲಿಡಿ. ಕ್ಯಾಮೆರಾ ಹೋದರೆ ಮತ್ತೊಂದನ್ನು ಕೊಳ್ಳಬಹುದು. ಘಾಟಿಯಲ್ಲಿ ಕಂಡ ಆ ಬೆಳಗನ್ನು ಕೊಳ್ಳಲಾಗದು.