ಪೆಡಲಿಗೆ ಕಾಲೆಟುಕದ ಡ್ರೈವರುಗಳು

ಮಂಡ್ಯ ಸೀಮೆಯಲ್ಲಿ ನಾಲೆಗೆ ನೀರು ಬಿಟ್ಟರೆ ರೈತನಿಗೆ ಪುರುಸೊತ್ತಿಲ್ಲ. ಕಟ್ಟು ಪದ್ಧತಿಯ ನೀರು. ನಿಲ್ಲುವುದರೊಳಗೆ ಗದ್ದೆ ಕೆಸರು ಮಾಡಿಕೊಳ್ಳಬೇಕು. ಹೊತ್ತಿಗೆ ಸರಿಯಾಗಿ ಡ್ರೈವರ್ ಸಿಗೋದಿಲ್ಲ. ಆಗ ಟ್ರ್ಯಾಕ್ಟರ್ ಏರುವವನು ಯಾರು? ಏಳನೇ ಕ್ಲಾಸಿನ ಮಗರಾಯ!

ಮೊನ್ನೆಯವರೆಗೆ ಮಡ್‌ಗಾರ್ಡ್ ಮೇಲೆ ಕೂತು ಬರುತ್ತಿದ್ದವನು ಈಗ ಸೀಟಿನ ತುದಿಗೆ ಜಾರಿ ಕ್ಲಚ್ ತುಳಿಯುತ್ತಾನೆ. ಊರವರು ‘ಭಲೇ’ ಅಂತಾರೆ. ಯಾರಾದರೂ ಬೇಡ ಅಂದರೆ ಅಪ್ಪಂದಿರ ಉತ್ತರ ರೆಡಿ: ‘ಬುಡಿ ಸ್ವಾಮಿ, ನಾವೂ ಹಿಂಗೇ ಕಲ್ತಿದ್ದು.’

ಆದರೆ ಎತ್ತಿನ ಬೇಸಾಯದಲ್ಲಿ ಹುಡುಗ ಎಡವಿದರೆ ಎತ್ತು ನಿಲ್ಲುತ್ತಿತ್ತು. ಟ್ರ್ಯಾಕ್ಟರ್ ನಿಲ್ಲೋದಿಲ್ಲ. ಹಿಂದಿನ ಚಕ್ರ ಕೆಸರಲ್ಲಿ ಹೂತಾಗ ಮುಂದೆ ಮರದ ತುಂಡಿಟ್ಟು ಕ್ಲಚ್ ಬಿಟ್ಟರೆ ಏನಾಗುತ್ತೆ ಗೊತ್ತೆ? ಚಕ್ರ ತಿರುಗಲಾರದೆ ಗಾಡಿಯೇ ಮೇಲೇಳುತ್ತದೆ. ಹಿಂದಕ್ಕೆ ಮಗುಚಲು ಎರಡು ಸೆಕೆಂಡೂ ಬೇಡ. ರೋಟವೇಟರ್ ತಿರುಗಿಸುವ ಪಿಟಿಓ ಶಾಫ್ಟ್ ನಿಮಿಷಕ್ಕೆ 540 ಸುತ್ತು, ಅಂದರೆ ಸೆಕೆಂಡಿಗೆ ಒಂಬತ್ತು. ಪಂಚೆ, ಟವೆಲ್ಲಿನ ಚುಂಗು ಸಿಕ್ಕಿದರೆ ಬಿಡಿಸಿಕೊಳ್ಳಲು ಟೈಮೆಲ್ಲಿ? ಎಡಬಲದ ಬ್ರೇಕ್ ಪೆಡಲುಗಳನ್ನು ಜೋಡಿಸಿ ಲಾಕ್ ಮಾಡದೆ ರಸ್ತೆಗಿಳಿದು ಒಂದನ್ನೇ ಒತ್ತಿದರೆ ಗಾಡಿ ಆ ಪಕ್ಕಕ್ಕೇ ಎಳೆಯುತ್ತದೆ. ಪಕ್ಕದಲ್ಲಿ ನಾಲೆ ಇದ್ದರೆ ಮುಗೀತು.

ಕಾನೂನೂ ಸುಮ್ಮನಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ 18 ತುಂಬದವರು ಸಾರ್ವಜನಿಕ ಜಾಗದಲ್ಲಿ ಟ್ರ್ಯಾಕ್ಟರ್ ಓಡಿಸುವಂತಿಲ್ಲ. 2019ರ ತಿದ್ದುಪಡಿ ಬಂದ ಮೇಲೆ ಹುಡುಗ ಸಿಕ್ಕಿಬಿದ್ದರೆ ಅಪ್ಪನಿಗೋ ಗಾಡಿ ಮಾಲೀಕನಿಗೋ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಗಾಡಿಯ ನೋಂದಣಿ 12 ತಿಂಗಳು ರದ್ದು. ಹುಡುಗನಿಗೆ 25 ವರ್ಷ ತುಂಬುವ ತನಕ ಲೈಸೆನ್ಸಿಲ್ಲ. ಗದ್ದೆಯೊಳಗೆ ಯಾರೂ ಹಿಡಿಯಲ್ಲ ಅನ್ನಬಹುದು. ಗದ್ದೆಗೆ ಹೋಗೋದು ರಸ್ತೆ ಮೇಲೇ ಅಲ್ಲವೆ?

ಹಾಗಂತ ರೈತನ ಮಗ ಮೆಷಿನ್ ಕಲಿಯೋದು ಬೇಡವೆ? ಖಂಡಿತ ಬೇಕು. ಮೊದಲು ಎಂಜಿನ್ ಆಫ್ ಮಾಡಿ ಕಲಿಸಿ. ಆಯಿಲ್, ರೇಡಿಯೇಟರ್ ನೀರು, ಟೈರಿನ ಗಾಳಿ ನೋಡಲಿ. ಗಾಡಿ ಹೂತರೆ ರಿವರ್ಸಿನಲ್ಲಿ ತೆಗೆಯೋದು ಯಾಕೆ, ಪಿಟಿಓ ನಿಲ್ಲಿಸದೆ ಹತ್ತಿರ ಹೋಗಬಾರದು ಯಾಕೆ ಅಂತ ತಿಳಿಯಲಿ. ಸ್ಟೀರಿಂಗ್ ಆಮೇಲೆ.

ಒಂದು ಕಟ್ಟಿನ ನೀರು ತಪ್ಪಿದರೆ ಮುಂದಿನ ಕಟ್ಟಿಗೆ ಕಾಯಬಹುದು, ಯಜಮಾನರೇ. ಮಗ ಹೋದರೆ ಯಾವ ಕಟ್ಟಿಗೆ ಕಾಯ್ತೀರಿ?