ಸಾಲಿಯ ಗಡಿ ಎಲ್ಲಿ ಎಳೆಯಬೇಕು? ಒಂದು ಕಿಲೋಮೀಟರು, ಹತ್ತು ಮಕ್ಕಳ ಲೆಕ್ಕ

ನಂದವರಂ: ರಾಜ್ಯದ ಗಡಿ 1953ರಲ್ಲೇ ಬಿತ್ತು, ಆ ಮಾತು ಹಳೇದಾಯ್ತು. ಈಗ ಈ ಸೀಮೆಯ ಮನೆಗಳಲ್ಲಿ ನಡೆದಿರುವ ಚರ್ಚೆ ಸಾಲಿಯ ಗಡಿಯದು. ಯಾವ ಓಣಿಯ ಮಗು ಯಾವ ಸಾಲಿಗೆ ಹೋಗಬೇಕು? ಎರಡನೇ ತರಗತಿ ಮುಗಿಸಿದ ಹುಡುಗಿ ಮನೆ ಪಕ್ಕದ ಸಾಲಿಯಲ್ಲೇ ಕೂರಬೇಕೋ, ಇಲ್ಲಾ ದೊಡ್ಡ ರಸ್ತೆ ದಾಟಿ ದೊಡ್ಡ ಸಾಲಿಗೆ ಹೋಗಬೇಕೋ? ಅಲ್ಲಿ ಹೋದರೆ ಕನ್ನಡದಲ್ಲಿ ಪಾಠ ಹೇಳುವ ಮೇಷ್ಟ್ರು ಇರ್ತಾರೋ, ಇಲ್ವೋ?

2021ರಿಂದ 2025ರ ನಡುವೆ ಆಂಧ್ರಪ್ರದೇಶದಲ್ಲಿ ಪ್ರಾಥಮಿಕ ಶಾಲೆಗಳ ಗೆರೆ ಮೂರು ಸಲ ಅಲುಗಾಡಿದೆ. ಪ್ರತಿ ಸಲವೂ ಗೆರೆ ಎಳೆದದ್ದು ಅಮರಾವತಿಯಲ್ಲಿ, ನಡೆಯಬೇಕಾಗಿ ಬಂದದ್ದು ಏಳೆಂಟು ವರ್ಷದ ಮಕ್ಕಳು.

ಓದುಗರಿಗೆ ಒಂದು ಮಾತು. ಚೌಡೇಶ್ವರಿ ದೇವಿಯ ಗುಡಿಯಿಂದ ಹೆಸರಾದ ಬನಗಾನಪಲ್ಲಿ ಕಡೆಯ ನಂದವರಂ ಬೇರೆ, ಅದು ಈಗ ನಂದ್ಯಾಲ ಜಿಲ್ಲೆಯಲ್ಲಿದೆ. ಇದು ಕರ್ನೂಲು ಜಿಲ್ಲೆಯ ಪಶ್ಚಿಮ ಭಾಗದ, ಎಮ್ಮಿಗನೂರು ವಿಧಾನಸಭಾ ಕ್ಷೇತ್ರಕ್ಕೆ ಸೇರಿದ ನಂದವರಂ ಮಂಡಲ. ಇಲ್ಲಿ ತೆಲುಗಿನದೇ ಮೇಲುಗೈ. ಕನ್ನಡದ ಮನೆಗಳು ಅಲ್ಲಲ್ಲಿ ಚದುರಿವೆ. ಆದೋನಿ, ಕೌತಾಳಂ, ಹೊಳಗುಂದ, ಹಾಲಹರ್ವಿ, ಆಲೂರು ಕಡೆ ಹೋದಂತೆ ಕನ್ನಡ ಗಟ್ಟಿಯಾಗುತ್ತದೆ. ಚದುರಿದ ಮನೆಗಳಿಗೇ ಈ ಗೆರೆಯ ತಾಪತ್ರಯ ಹೆಚ್ಚು. ಯಾಕೆ ಎನ್ನುವುದನ್ನು ಮುಂದೆ ನೋಡೋಣ.

ಮೂರು ಸಲ ಸರಿದ ಗೆರೆ

ಮೊದಲ ಸಲ 2021ರಲ್ಲಿ. ಹೊಸ ಶಿಕ್ಷಣ ನೀತಿಯ ಹೆಸರಲ್ಲಿ, ಹೈಸ್ಕೂಲಿನಿಂದ 250 ಮೀಟರಿನೊಳಗಿನ ಪ್ರಾಥಮಿಕ ಶಾಲೆಗಳ 3, 4, 5ನೇ ತರಗತಿಗಳನ್ನು ಹೈಸ್ಕೂಲಿಗೆ ಸೇರಿಸಿದರು. ಒಂದೇ ಆವರಣ ಅಥವಾ ಪಕ್ಕದ ಆವರಣ ಆದ್ದರಿಂದ ಅಷ್ಟು ಗಲಾಟೆ ಆಗಲಿಲ್ಲ.

ಎರಡನೇ ಸಲ 2022ರ ಜೂನ್ 10ರಂದು. ಜಿ.ಒ. 117 ಹೊರಬಿತ್ತು. ಈ ಸಲ 250 ಮೀಟರು ಹೋಗಿ ಒಂದು ಕಿಲೋಮೀಟರು ಆಯ್ತು. ಊರ ಸಾಲಿಯಲ್ಲಿ ಅಂಗನವಾಡಿ ಜೊತೆಗೆ 1 ಮತ್ತು 2ನೇ ತರಗತಿ ಮಾತ್ರ ಉಳಿದವು. ಅದಕ್ಕೆ ‘ಫೌಂಡೇಷನ್ ಶಾಲೆ’ ಎಂಬ ಹೆಸರು. ಜುಲೈ 5ರಂದು ಶಾಲೆ ಶುರುವಾದಾಗ ರಾಜ್ಯದ ಅನೇಕ ಕಡೆ ಪೋಷಕರು ಗೇಟಿಗೆ ಬಂದು ನಿಂತರು. ಹೆದ್ದಾರಿ ದಾಟಬೇಕು, ರೈಲು ಹಳಿ ದಾಟಬೇಕು, ಕಾಲುವೆ ದಾಟಬೇಕು, ಇಷ್ಟು ಸಣ್ಣ ಮಕ್ಕಳನ್ನ ಹೆಂಗೆ ಕಳಿಸೋದು ಅನ್ನೋದೇ ಎಲ್ಲರ ಪ್ರಶ್ನೆ. ಜುಲೈನಲ್ಲಿ ಜಿ.ಒ. 128 ಎಂಬ ತಿದ್ದುಪಡಿಯೂ ಬಂತು, ಆದರೆ ಮೂಲ ಗೆರೆ ಬದಲಾಗಲಿಲ್ಲ.

ಮೂರನೇ ಸಲ 2025ರಲ್ಲಿ. 2024ರಲ್ಲಿ ಸರ್ಕಾರ ಬದಲಾದ ಮೇಲೆ ಜಿ.ಒ. 117 ರದ್ದು ಮಾಡುವ ಮಾತು ಬಂತು, 2025ರ ಮೇ ತಿಂಗಳಲ್ಲಿ ಹೊಸ ಆದೇಶಗಳು ಹೊರಟವು. ಈಗ ಶಾಲೆಗಳಲ್ಲಿ ಒಂಬತ್ತು ಬಗೆ. ಇದರಲ್ಲಿ ‘ಬೇಸಿಕ್ ಪ್ರೈಮರಿ’ ಒಂದು, ತರಗತಿಗೊಬ್ಬ ಶಿಕ್ಷಕರಿರುವ ‘ಮಾದರಿ ಪ್ರಾಥಮಿಕ ಶಾಲೆ’ ಇನ್ನೊಂದು. ಹೈಸ್ಕೂಲಿಗೆ ಹೋದ 3, 4, 5ನೇ ತರಗತಿ ಹಲವು ಕಡೆ ವಾಪಸ್ ಬಂದವು. ಒಂದಿಷ್ಟು ಸಮಾಧಾನ. ಆದರೆ ಮಕ್ಕಳು ಕಡಿಮೆ ಇರುವ ಸಾಲಿಯ ಮಕ್ಕಳನ್ನು ಹತ್ತಿರದ ಮಾದರಿ ಶಾಲೆಗೆ ಸೇರಿಸುವ ಮಾತು ಬಂದಾಗ, 2025ರ ಜೂನ್‌ನಲ್ಲಿ ಮತ್ತೆ ಕೆಲವೆಡೆ ಪೋಷಕರು ತಕರಾರು ತೆಗೆದರು. ಗೆರೆ ಹೈಸ್ಕೂಲಿನಿಂದ ಮಾದರಿ ಶಾಲೆಗೆ ಸರಿಯಿತು, ಅಷ್ಟೇ ವ್ಯತ್ಯಾಸ ಅನ್ನೋದು ಅವರ ಮಾತು.

ಕಟ್ಟೆಯ ಮೇಲೆ ಎರಡು ಪಕ್ಷ

ಇದನ್ನ ಸರ್ಕಾರ ಒಂದು ಕಡೆ, ಪೋಷಕರು ಇನ್ನೊಂದು ಕಡೆ ಅಂತ ತಿಳಿದರೆ ತಪ್ಪು. ಸಂಜೆ ಕಟ್ಟೆಗೆ ಕೂತರೆ ಪೋಷಕರಲ್ಲೇ ಎರಡು ಪಕ್ಷ. ಎರಡರ ಮಾತಿನಲ್ಲೂ ಹುರುಳಿದೆ.

ಒಂದು ಪಕ್ಷದವರು ಕೇಳೋದು ಇಷ್ಟು: ಐದು ತರಗತಿಗೆ ಒಬ್ಬರೇ ಮೇಷ್ಟ್ರು. ಅವರೇ ಪಾಠ ಹೇಳಬೇಕು, ಅವರೇ ಬಿಸಿಯೂಟ ನೋಡಬೇಕು, ಅವರೇ ಫೋನಿನಲ್ಲಿ ಹಾಜರಿ ಹಾಕಬೇಕು, ಮೀಟಿಂಗಿಗೂ ಅವರೇ ಹೋಗಬೇಕು. ಅವರು ರಜೆ ಹಾಕಿದ ದಿನ ಸಾಲಿಗೇ ಬೀಗ. ಇಂಥಾ ಸಾಲಿ ಮನೆ ಪಕ್ಕ ಇದ್ದರೇನು, ಬಿಟ್ಟರೇನು? ಅರ್ಧ ತಾಸು ನಡೆದರೂ ಚಿಂತೆಯಿಲ್ಲ, ತರಗತಿಗೊಬ್ಬರು ಮೇಷ್ಟ್ರು ಸಿಗಲಿ.

ಇನ್ನೊಂದು ಪಕ್ಷದವರ ಮಾತು ಬೇರೆ: ನಾವು ಬೆಳಗಾಗೋದ್ರೊಳಗೆ ಹೊಲಕ್ಕೆ ಹೋಗುವ ಮಂದಿ. ಮಗುವನ್ನ ಕೈಹಿಡಿದು ಬಿಟ್ಟುಬರೋಕೆ ಮನೆಯಲ್ಲಿ ಯಾರೂ ಇರಲ್ಲ. ಹತ್ತಿ ಸೀಸನ್ನಿನಲ್ಲಿ ಆದೋನಿ ಮಾರುಕಟ್ಟೆಗೆ ಹೋಗುವ ಲಾರಿ, ಟ್ರಾಕ್ಟರುಗಳಿಗೆ ಲೆಕ್ಕವಿಲ್ಲ. ಗಂಡುಹುಡುಗ ಹೆಂಗೋ ಹೋಗ್ತಾನೆ, ಹೆಣ್ಣುಮಗುವನ್ನ ಬಿಡಿಸಿಬಿಡ್ತಾರೆ. ತಂಗಿಯನ್ನ ನೋಡಿಕೊಳ್ಳೋಕೆ ಅಕ್ಕ ಮನೆಯಲ್ಲಿ ಉಳೀತಾಳೆ.

ಈ ಎರಡನೇ ಮಾತನ್ನು ತಳ್ಳಿಹಾಕುವಂತಿಲ್ಲ. ಕೋಸಿಗಿ, ಮಂತ್ರಾಲಯಂ, ನಂದವರಂ, ಪೆದ್ದಕಡಬೂರು ಕಡೆಯ ಕುಟುಂಬಗಳು ಸುಗ್ಗಿ ಮುಗಿದ ಮೇಲೆ ಗುಂಟೂರಿನ ಮೆಣಸಿನಕಾಯಿ ಕೊಯ್ಲಿಗೆ ಗುಳೆ ಹೋಗುವುದು ವರ್ಷವರ್ಷದ ಕಥೆ. ಮನೆಗೆ ಬೀಗ ಬಿದ್ದರೆ ಮಕ್ಕಳೂ ಜೊತೆಗೇ. ಉಳಿದ ಮಕ್ಕಳಿಗೆ ಸೀಸನಲ್ ಹಾಸ್ಟೆಲ್ ತೆರೆಯುತ್ತಾರೆ, ಅದೂ ಆಯಾ ಊರ ಸಾಲಿಯನ್ನೇ ನಂಬಿಕೊಂಡು. ಸಾಲಿಯೇ ದೂರ ಹೋದರೆ ಅಜ್ಜಿಯ ಬಳಿ ಬಿಟ್ಟುಹೋಗುವ ಮಗುವೂ ಸಾಲಿ ತಪ್ಪಿಸಿಕೊಳ್ಳುತ್ತದೆ.

ಇಲ್ಲಿ ಇನ್ನೊಂದು ಲೆಕ್ಕವಿದೆ. ‘ತಲ್ಲಿಕಿ ವಂದನಂ’ ಯೋಜನೆ 2025ರ ಜೂನ್ 12ರಂದು ಜಾರಿಯಾಯಿತು. ಮಗುವಿಗೆ ವರ್ಷಕ್ಕೆ 15,000 ರೂಪಾಯಿ, ಅದರಲ್ಲಿ 2,000 ಶಾಲೆಯ ನಿರ್ವಹಣೆಗೆ ಹೋಗಿ 13,000 ತಾಯಿಯ ಖಾತೆಗೆ. ಶೇ 75 ಹಾಜರಾತಿ ಬೇಕು. ಖಾಸಗಿ ಶಾಲೆಯ ಮಕ್ಕಳಿಗೂ ಇದು ಸಿಗುತ್ತದೆ. ದೂರದ ಸರ್ಕಾರಿ ಸಾಲಿಗೆ ನಡೆಸುವ ಬದಲು, ಮನೆ ಬಾಗಿಲಿಗೆ ಬರುವ ಕಾನ್ವೆಂಟ್ ಬಸ್ಸಿಗೆ ಹತ್ತಿಸಿದರಾಯ್ತು ಎಂದು ನಾಲ್ಕು ಮನೆಯವರು ತೀರ್ಮಾನಿಸಿದರೆ ಸರ್ಕಾರಿ ಸಾಲಿಯ ಸಂಖ್ಯೆ ಇನ್ನೂ ಇಳಿಯುತ್ತದೆ. ಸಂಖ್ಯೆ ಇಳಿದರೆ ಮತ್ತೆ ವಿಲೀನ. ಬಾವಿಯ ನೀರು ಇಳಿದಂತೆ ಹಗ್ಗ ಉದ್ದ ಮಾಡುತ್ತಾ ಹೋದ ಹಾಗೆ.

ಕನ್ನಡದ ಮನೆಗೆ ಬೇರೆಯದೇ ಲೆಕ್ಕ

ತೆಲುಗು ಮನೆಯವರಿಗೆ ಇದು ಕಿಲೋಮೀಟರಿನ ಪ್ರಶ್ನೆ. ಎಲ್ಲಿಗೆ ಹೋದರೂ ತೆಲುಗು ಇದ್ದೇ ಇರುತ್ತದೆ. ಕನ್ನಡದ ಮನೆಯವರಿಗೆ ಕಿಲೋಮೀಟರಿನ ಜೊತೆಗೆ ತಲೆ ಎಣಿಕೆಯ ಪ್ರಶ್ನೆ.

1949ರ ಆಗಸ್ಟಿನಲ್ಲಿ ಪ್ರಾಂತಗಳ ಶಿಕ್ಷಣ ಮಂತ್ರಿಗಳ ಸಮ್ಮೇಳನ ಒಂದು ಸೂತ್ರ ಒಪ್ಪಿತ್ತು. ಇಡೀ ಶಾಲೆಯಲ್ಲಿ ಒಂದು ಭಾಷೆಯ 40 ಮಕ್ಕಳಿದ್ದರೆ, ಅಥವಾ ಒಂದು ತರಗತಿಯಲ್ಲಿ 10 ಮಕ್ಕಳಿದ್ದರೆ, ಅವರ ಮಾತೃಭಾಷೆಯಲ್ಲಿ ಕಲಿಸಲು ಒಬ್ಬ ಶಿಕ್ಷಕರನ್ನು ಕೊಡಬೇಕು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆ ಆದಾಗ ಕೇಂದ್ರ ಸರ್ಕಾರ ಭಾಷಾ ಅಲ್ಪಸಂಖ್ಯಾತರಿಗೆ ಕೊಟ್ಟ ಭರವಸೆಯಲ್ಲೂ ಇದೇ ಸೂತ್ರ ಇತ್ತು. ಅದೇ ವರ್ಷದ 7ನೇ ತಿದ್ದುಪಡಿಯಿಂದ ಸಂವಿಧಾನಕ್ಕೆ 350ಎ ವಿಧಿ ಸೇರಿತು. ಪ್ರಾಥಮಿಕ ಹಂತದಲ್ಲಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಕಲಿಯಲು ಸಾಕಷ್ಟು ಅನುಕೂಲ ಮಾಡಿಕೊಡಲು ಪ್ರತಿ ರಾಜ್ಯವೂ ಪ್ರಯತ್ನಿಸಬೇಕು ಎನ್ನುತ್ತದೆ ಆ ವಿಧಿ.

ಈಗ ಗೆರೆ ಎಳೆದು ನೋಡಿ. ಉದಾಹರಣೆಗೆ ಒಂದು ಊರ ಸಾಲಿಯ ಮೂರನೇ ತರಗತಿಯಲ್ಲಿ 11 ಕನ್ನಡದ ಮಕ್ಕಳಿದ್ದಾರೆ ಅಂತಿಟ್ಟುಕೊಳ್ಳಿ. ಹತ್ತು ದಾಟಿತು, ಮೇಷ್ಟ್ರನ್ನ ಕೇಳುವ ಹಕ್ಕಿದೆ. ಗೆರೆ ಊರ ನಡುವೆ ಹಾದು ಆರು ಮಕ್ಕಳು ಒಂದು ಸಾಲಿಗೆ, ಐದು ಮಕ್ಕಳು ಇನ್ನೊಂದಕ್ಕೆ ಹೋದರು. ಎರಡೂ ಕಡೆ ಹತ್ತರ ಕೆಳಗೆ. ಒಂದು ಮಗುವೂ ಊರು ಬಿಟ್ಟಿಲ್ಲ, ಆದರೂ ಕನ್ನಡದ ತರಗತಿ ಕಾಗದದ ಮೇಲೆ ಮಾಯ.

ಇದರ ಉಲ್ಟಾ ಕೂಡ ಆಗಬಹುದು. ಎರಡು ಸಣ್ಣ ಸಾಲಿಗಳಲ್ಲಿ ಆರು ಮತ್ತು ಐದು ಇದ್ದ ಮಕ್ಕಳು ಒಂದೇ ಸಾಲಿಗೆ ಬಂದರೆ 11 ಆಗ್ತಾರೆ. ಇಲ್ಲದ ಕನ್ನಡ ತರಗತಿ ಹುಟ್ಟಬಹುದು. ಹಾಗಾಗಿ ವಿಲೀನ ಅಂದ ಕೂಡಲೇ ಬೇಡ ಅನ್ನೋದೂ ಸರಿಯಲ್ಲ, ಬೇಕು ಅನ್ನೋದೂ ಸರಿಯಲ್ಲ. ಗೆರೆ ಎಳೆಯುವ ಮೊದಲು ಕನ್ನಡದ ಮಕ್ಕಳನ್ನು ಬೇರೆಯಾಗಿ ಎಣಿಸಿದರಾ ಎನ್ನುವುದೇ ಕೇಳಬೇಕಾದ ಪ್ರಶ್ನೆ. ಜಿ.ಒ. 117ರ ಕಾಲದಲ್ಲಿ ಎಂಟನೇ ತರಗತಿವರೆಗೆ ಒಂದೇ ಮಾಧ್ಯಮ ಎಂಬ ಲೆಕ್ಕದಲ್ಲಿ ಹುದ್ದೆ ಹಂಚಲು ಹೊರಟಿದ್ದರಿಂದ ಕನ್ನಡದ ಮನೆಗಳಿಗೆ ಹೆಚ್ಚು ಅಂಜಿಕೆ ಹುಟ್ಟಿದ್ದು.

ಮಾಧ್ಯಮದ ವಿಷಯದಲ್ಲಿ ಅದಕ್ಕೂ ಮೊದಲೇ ಒಂದು ಸುತ್ತು ಆಗಿತ್ತು. 2019ರ ನವೆಂಬರಿನಲ್ಲಿ ಬಂದ ಜಿ.ಒ. 81 ಮತ್ತು 85 ಸರ್ಕಾರಿ ಶಾಲೆಗಳನ್ನೆಲ್ಲ ಇಂಗ್ಲಿಷ್ ಮಾಧ್ಯಮಕ್ಕೆ ತಿರುಗಿಸುವ ಆದೇಶಗಳು. 2020ರ ಏಪ್ರಿಲ್ 15ರಂದು ಆಂಧ್ರಪ್ರದೇಶ ಹೈಕೋರ್ಟ್ ಎರಡನ್ನೂ ರದ್ದು ಮಾಡಿತು. ಮಾಧ್ಯಮ ಆರಿಸುವುದು ಪೋಷಕರ ಹಕ್ಕು ಎನ್ನುವ ವಾದಕ್ಕೆ ಅಲ್ಲಿ ಬಲ ಬಂತು. ಆದರೆ ಮಾತು ಮುಚ್ಚಿಡುವುದು ಬೇಡ. ಇಂಗ್ಲಿಷ್ ಬೇಕು ಎನ್ನುವ ಪೋಷಕರು ಕನ್ನಡದ ಮನೆಗಳಲ್ಲೂ ಬಹಳ ಮಂದಿ ಇದ್ದಾರೆ. ಕನ್ನಡದಲ್ಲಿ ಹತ್ತನೇತ್ತ ಮುಗಿಸಿದರೆ ಇಂಟರ್‌ಗೆ ಎಲ್ಲಿ ಹೋಗೋದು, ತೆಲುಗು ಸರಿಯಾಗಿ ಬರದೆ ಇಲ್ಲಿನ ನೌಕರಿ ಹೆಂಗೆ ಸಿಗೋದು, ಬಳ್ಳಾರಿ ರಾಯಚೂರು ಕಡೆ ಹೋದರೆ ಹೊರರಾಜ್ಯದವರು ಅನ್ನಿಸಿಕೊಳ್ಳೋದು ಯಾಕೆ ಅನ್ನೋದು ಅವರ ಅಳಲು. ಭಾಷೆ ಮೇಲಿನ ಪ್ರೀತಿ ಬೇರೆ, ಮಗನ ಹೊಟ್ಟೆಪಾಡು ಬೇರೆ ಎಂದಾಗ ಎದುರು ಉತ್ತರ ಕೊಡೋದು ಕಷ್ಟ. ಮಹಾರಾಷ್ಟ್ರದ ಜತ್ತ, ಅಕ್ಕಲಕೋಟೆ ಕಡೆಯ ಕನ್ನಡ ಸಾಲಿಗಳ ಕಟ್ಟೆಯ ಮೇಲೂ ಇದೇ ಮಾತು, ಅಲ್ಲಿ ತೆಲುಗಿನ ಜಾಗದಲ್ಲಿ ಮರಾಠಿ.

ಹಳೇ ಗೆರೆಯ ನೆನಪು

ಈ ಸೀಮೆಯ ಹಿರಿಯರಿಗೆ ಗೆರೆ ಎಂದರೆ ಇನ್ನೊಂದು ನೆನಪಾಗುತ್ತದೆ. ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಮದ್ರಾಸ್ ರಾಜ್ಯದ ಬಳ್ಳಾರಿ ಜಿಲ್ಲೆಯಲ್ಲಿದ್ದವು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಈ ಮೂರು ಅತ್ತ ಹೋದವು, ಬಳ್ಳಾರಿ ಸೇರಿ ಉಳಿದ ತಾಲ್ಲೂಕುಗಳು ಮೈಸೂರಿಗೆ ಬಂದವು. ಅಂದು ಗೆರೆ ಬಿದ್ದ ಮೇಲೆ ಇತ್ತ ಉಳಿದ ಕನ್ನಡದ ಮಕ್ಕಳಿಗೆ ಕನ್ನಡದ ಸಂಬಂಧ ಉಳಿಸಿದ್ದು ಊರೂರ ಕನ್ನಡ ಸಾಲಿಗಳೇ. ಆಂಧ್ರದ ಹತ್ತನೇ ತರಗತಿ ಪರೀಕ್ಷೆಯನ್ನು ಇಂದಿಗೂ ಕನ್ನಡ ಮಾಧ್ಯಮದಲ್ಲಿ ಬರೆಯಲು ಅವಕಾಶವಿದೆ ಅಂದರೆ ಅದರ ಹಿಂದೆ ಈ ಸಣ್ಣ ಸಾಲಿಗಳಿವೆ. ಬುಡದ ಪ್ರಾಥಮಿಕ ಸಾಲಿ ಹೋದರೆ ತುದಿಯ ಪರೀಕ್ಷೆ ಎಷ್ಟು ವರ್ಷ ಉಳಿದೀತು?

ಪೋಷಕರು ಏನು ಮಾಡಬಹುದು?

ಗೇಟಿಗೆ ಬೀಗ ಹಾಕಿ ಕೂರುವ ಮೊದಲು ಕೈಯಲ್ಲಿರುವ ಹಕ್ಕು ತಿಳಿದಿರಲಿ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆ ಮತ್ತು ಅದರ ನಿಯಮದ ಪ್ರಕಾರ 1ರಿಂದ 5ನೇ ತರಗತಿಗೆ ಒಂದು ಕಿಲೋಮೀಟರು, 6ರಿಂದ 8ಕ್ಕೆ ಮೂರು ಕಿಲೋಮೀಟರಿನೊಳಗೆ ಶಾಲೆ ಇರಬೇಕು. ಇದು ಮಗು ನಡೆಯುವ ದಾರಿಯ ಲೆಕ್ಕ ಆಗಬೇಕೇ ಹೊರತು ನಕ್ಷೆಯ ಮೇಲೆ ಕಾಗೆ ಹಾರಿದ ಲೆಕ್ಕ ಅಲ್ಲ ಎಂದು ಪೋಷಕರು ಪಟ್ಟು ಹಿಡಿಯಬೇಕು. ಕಾಲುವೆ ಅಡ್ಡ ಇದ್ದರೆ ಸೇತುವೆ ಸುತ್ತಿ ಬರುವ ದಾರಿಯನ್ನೇ ಅಳೆಸಬೇಕು.

ಅದೇ ಕಾಯ್ದೆಯ 29ನೇ ಕಲಮು, ಸಾಧ್ಯವಾದಷ್ಟೂ ಮಗುವಿನ ಮಾತೃಭಾಷೆಯಲ್ಲೇ ಬೋಧನೆ ಇರಬೇಕು ಎನ್ನುತ್ತದೆ. 21ನೇ ಕಲಮಿನ ಪ್ರಕಾರ ಶಾಲಾ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧ ಹೆಣ್ಣುಮಕ್ಕಳು. ಸಮಿತಿಯ ರಿಜಿಸ್ಟರಿನಲ್ಲಿ ಏನು ಬರೆದಿದೆ ಓದದೆ ಹೆಬ್ಬೆಟ್ಟು ಒತ್ತಬಾರದು. ವಿಲೀನಕ್ಕೆ ಒಪ್ಪಿಗೆ ಎಂಬ ಒಂದು ಸಾಲು ಅಲ್ಲೇ ಇರಬಹುದು.

ಠರಾವಿನಲ್ಲಿ ಮೂರು ವಿಷಯ ಸೇರಿಸಿ ಮಂಡಲ ಶಿಕ್ಷಣಾಧಿಕಾರಿಗೆ ಕೊಟ್ಟು ಸ್ವೀಕೃತಿ ಪಡೆಯುವುದು ಒಳ್ಳೇದು. ಒಂದು, ಪ್ರತಿ ತರಗತಿಯಲ್ಲಿ ಕನ್ನಡ ಮಾತೃಭಾಷೆಯ ಮಕ್ಕಳೆಷ್ಟು, ಗುಳೆ ಹೋದ ಮಕ್ಕಳನ್ನೂ ಸೇರಿಸಿ. ಎರಡು, ಹೊಸ ಸಾಲಿಯಲ್ಲಿ ಕನ್ನಡ ಶಿಕ್ಷಕರ ಹುದ್ದೆ ಮಂಜೂರಾಗಿದೆಯಾ, ಅದು ತುಂಬಿದೆಯಾ. ಮೂರು, ದೂರ ಹೆಚ್ಚಾದ ಮಕ್ಕಳಿಗೆ ಸಾರಿಗೆ ಭತ್ಯೆ. ಸಮಗ್ರ ಶಿಕ್ಷಾ ಯೋಜನೆಯಲ್ಲಿ ಒಂದು ಮಗುವಿಗೆ ವರ್ಷಕ್ಕೆ 6,000 ರೂಪಾಯಿವರೆಗೆ ಕೊಡಲು ಅವಕಾಶವಿದೆ. ಮೇಲೆ ಹೋಗಬೇಕಾದರೆ 350ಬಿ ವಿಧಿಯಡಿ ಕೇಂದ್ರದ ಭಾಷಾ ಅಲ್ಪಸಂಖ್ಯಾತರ ಆಯುಕ್ತರಿದ್ದಾರೆ. ಬೆಂಗಳೂರಿನಲ್ಲಿ ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರವೂ ಇದೆ. ಗಡಿಯಾಚೆಯ ಕನ್ನಡ ಸಾಲಿಗಳಿಗೆ ಅದು ನೆರವು ಕೊಡುತ್ತದೆ, ಆದರೆ ಮೇಷ್ಟ್ರನ್ನ ನೇಮಿಸುವ ಅಧಿಕಾರ ಆಂಧ್ರ ಸರ್ಕಾರದ್ದೇ ಎನ್ನುವುದು ನೆನಪಿರಲಿ.

ತರಗತಿಗೊಬ್ಬ ಮೇಷ್ಟ್ರು ಬೇಕು ಅನ್ನುವವರೂ, ಮನೆ ಹತ್ತಿರ ಸಾಲಿ ಬೇಕು ಅನ್ನುವವರೂ ಕೇಳುತ್ತಿರುವುದು ಒಂದೇ, ಮಗು ಓದಬೇಕು. ಕನ್ನಡದ ಮನೆಯವರು ಅದಕ್ಕೆ ಇನ್ನೊಂದು ಸೇರಿಸ್ತಾರೆ, ಅಜ್ಜಿ ಹೇಳಿದ್ದು ಮೊಮ್ಮಗಳು ಓದುವಂತಾಗಬೇಕು. ಜೂನ್ 12ಕ್ಕೆ ಶಾಲೆ ಶುರುವಾದ ಮೇಲೆ ಗೆರೆ ತಿದ್ದುವ ಬದಲು, ಅದಕ್ಕೂ ಮೊದಲೇ ಅಧಿಕಾರಿಗಳು ಊರ ಕಟ್ಟೆಗೆ ಬಂದು ಕೂತು, ಮಕ್ಕಳು ನಡೆಯುವ ದಾರಿಯನ್ನ ಒಂದು ಸಲ ತಾವೂ ನಡೆದು ನೋಡಿದರೆ ಅರ್ಧ ತಕರಾರು ಅಲ್ಲೇ ಬಗೆಹರಿಯುತ್ತದೆ. ಆ ಕೆಲಸ ಮುಂದಿನ ಸಲವಾದರೂ ಆದೀತೇ?